ಗರಡಿಯಲ್ಲಿ ಪಳಗಿದ ದನಿ

ದಾವಣಗೆರೆಯ ವಿನೋಬನಗರದ ಓದುಗರೊಬ್ಬರ ಪತ್ರವಿದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

"ನನ್ನ ಮಗನಿಗೆ ಹದಿನೇಳು ವರ್ಷ. ಎಂಟು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾನೆ. ಒಂದು ವರ್ಷದಿಂದ ಬೆಳಗಿನ ಜಾವ ಗರಡಿ ಮನೆಗೆ ಹೋಗುವ ಹುಚ್ಚು ಹಿಡಿದಿದೆ. ಕುಸ್ತಿಯಿಂದ ದನಿ ಕೆಡುತ್ತದೆ, ಎರಡರಲ್ಲಿ ಒಂದನ್ನು ಬಿಡಲಿ ಎನ್ನುತ್ತಾರೆ ಅವನ ಗುರುಗಳು. ನಾನೂ ಅದನ್ನೇ ಹೇಳಿದೆ. ಎರಡು ದಿನದಿಂದ ಮಾತು ಬಿಟ್ಟಿದ್ದಾನೆ. ಚಿಕ್ಕಂದಿನಲ್ಲಿ ನನಗೂ ಕಂಪನಿ ನಾಟಕದ ಹುಚ್ಚಿತ್ತು. ಆದರೆ ಸಮಯಕ್ಕೆ ಸರಿಯಾಗಿ ಬಿಟ್ಟೆ. ನಿಮ್ಮ ಸಲಹೆ ಏನು?"

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರದ ಬಾಲದಿಂದಲೇ ಶುರು ಮಾಡುತ್ತೇನೆ. 'ಸಮಯಕ್ಕೆ ಸರಿಯಾಗಿ' ಬಿಟ್ಟೆ ಎಂದಿದ್ದೀರಿ. ರಂಗನಟಿ ಚಿಂದೋಡಿ ಲೀಲಾ ಅವರ ಊರಿನಲ್ಲಿದ್ದುಕೊಂಡು ನಾಟಕದ ಹುಚ್ಚು ಬಿಟ್ಟದ್ದನ್ನು ಪದಕ ಗೆದ್ದವರಂತೆ ಬರೆದಿದ್ದೀರಲ್ಲ! ನಲವತ್ತು ವರ್ಷ ಕಳೆದರೂ ಅದನ್ನು ಮರೆಯದೆ ಸಂಪಾದಕನಿಗೆ ತಿಳಿಸುತ್ತೀರೆಂದರೆ, ಬಿಟ್ಟವರು ನೀವು, ಹುಚ್ಚು ನಿಮ್ಮನ್ನು ಬಿಟ್ಟಿಲ್ಲ.

ಗುರುಗಳ ಮಾತನ್ನು ತಳ್ಳಿಹಾಕಲಾರೆ. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಗಂಟಲೊಳಗಿನ ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಅದೇ ಹೊತ್ತಿಗೆ ಕೂಗಿದರೆ ಪೆಟ್ಟು ಅವಕ್ಕೇ. ಕುತ್ತಿಗೆಗೆ ಬೀಳುವ ಪಟ್ಟುಗಳೂ ಹಾಡುವವನಿಗೆ ಹಿತವಲ್ಲ. ಗರಡಿಯ ಉಸ್ತಾದರಿಗೆ ಹುಡುಗ ಹಾಡುತ್ತಾನೆಂದು ತಿಳಿಸಿರಲಿ, ಖರ್ಜದ, ಅಂದರೆ ಕೆಳಸ್ಥಾಯಿಯ, ಸಾಧನೆ ಮುಗಿಸಿಯೇ ಮಣ್ಣಿಗೆ ಇಳಿಯಲಿ. ಗುರುಗಳ ಪಾಲಿನ ನ್ಯಾಯ ಇಷ್ಟು.

ಇನ್ನು ನನ್ನ ಮಾತು. ಹಾಡುಗಾರನಿಗೆ ಕಲಿಸುವವರೂ ಉಸ್ತಾದರು, ಕುಸ್ತಿ ಕಲಿಸುವವರೂ ಉಸ್ತಾದರು. ಸಂಗೀತಕ್ಕೂ ತಾಲೀಮು, ಕುಸ್ತಿಗೂ ತಾಲೀಮು, ನೀವು ಬಿಟ್ಟ ನಾಟಕಕ್ಕೂ ತಾಲೀಮು. ಭೀಮಸೇನ ಜೋಶಿಯವರ ಬಗ್ಗೆ ಬರೆಯುವಾಗ ನಮ್ಮ ಪತ್ರಕರ್ತರು ಏನೆನ್ನುತ್ತಾರೆ? 'ಸವಾಯಿ ಗಂಧರ್ವರ ಗರಡಿಯಲ್ಲಿ ಪಳಗಿದವರು' ಎನ್ನುತ್ತಾರೆ. ಈ ಮಾತನ್ನು ನಾನೇ ನೂರು ಸಲ ತಿದ್ದಿ ಅಚ್ಚಿಗೆ ಕಳಿಸಿದ್ದೇನೆ. ಭಾಷೆ ಒಂದೇ ಮನೆಯಲ್ಲಿ ಇಟ್ಟುಕೊಂಡಿರುವ ಇಬ್ಬರನ್ನು ನೀವು ಪಾಲು ಮಾಡಿ ಬೇರೆ ಹಾಕಲು ಹೊರಟಿದ್ದೀರಿ.

ಆ ಭೀಮಸೇನರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದವರು. ಗಾಯಕ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ ಕೇಳಿ ತಲೆ ಕೆಟ್ಟಿತ್ತು. ಆಮೇಲೆ ಕುಂದಗೋಳದ ಗುರುಮನೆಯಲ್ಲಿ ಮೊದಲು ಕೆಲಸ ಕೊಟ್ಟದ್ದು ಗಂಟಲಿಗಲ್ಲ, ಹೆಗಲಿಗೆ: ಕೊಡಗಟ್ಟಲೆ ನೀರು ಹೊತ್ತರು. ದೊಡ್ಡವರಾದ ಮೇಲೆ ಕಾರು ಓಡಿಸುವುದೆಂದರೆ ಅವರಿಗೆ ಪ್ರಾಣ. ಕಛೇರಿಯಿಂದ ಕಛೇರಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಪುಣೆ–ಬೆಂಗಳೂರು ಹೆದ್ದಾರಿ ನಮ್ಮೂರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ರಾತ್ರಿ ಅಲ್ಲಿ ನಿಂತಾಗ ದೂರದ ಕಾರಿನ ಸದ್ದು ಹತ್ತಿರವಾಗಿ, ಏರಿ, ಮತ್ತೆ ಕರಗುವುದನ್ನು ಕೇಳಿದ್ದೀರಾ? ಅವರ ತಾನಗಳ, ಆ ಮಿಂಚಿನ ಸ್ವರಸರಣಿಗಳ, ವೇಗ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ನಾನು ಆ ರಸ್ತೆ ತೋರಿಸುತ್ತೇನೆ. ಶಾಸ್ತ್ರಜ್ಞರು ನಗುತ್ತಾರೆ, ನಗಲಿ.

ಅವರ ಗುರು ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಕಟ್ಟಿ ಹಾಡಿದವರು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದವರು. ಇತ್ತ ಕದ್ರಿ ಗೋಪಾಲನಾಥರನ್ನು ನೋಡಿ. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಮನೆಯ ವಾದ್ಯವೇ ಸಾಕು ಎಂದು ಅಂದು ಅವನ ಕಿವಿ ಹಿಂಡಿ ಕೂರಿಸಿದ್ದರೆ?

ಎಲ್ಲಕ್ಕಿಂತ ಹೆಚ್ಚಾಗಿ ನನಗೆ ನೆನಪಾಗುವವರು ಗಾಯಕ ಕುಮಾರ ಗಂಧರ್ವರು. ಬೆಳಗಾವಿ ಸೀಮೆಯ ಸುಳೇಭಾವಿಯವರು, ಬಾಲಪ್ರತಿಭೆ. ಇಪ್ಪತ್ತು ದಾಟಿದ ಸ್ವಲ್ಪ ಕಾಲಕ್ಕೇ ಕ್ಷಯ ಹಿಡಿಯಿತು. ಹಾಡಲೇಬಾರದು ಎಂದರು ವೈದ್ಯರು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ ಅವರು ಕೇಳಿದ್ದು ಮಾಳವದ ಹಳ್ಳಿಗರ ಹಾಡು. ಎದ್ದು ಕುಳಿತ ಮೇಲೆ ಆ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಸಾಧನೆಗೆ ಒಂದು ದಿನ ತಪ್ಪಿದರೆ ಆಕಾಶ ಬೀಳುತ್ತದೆ ಎನ್ನುವ ತಂದೆತಾಯಂದಿರು ಆ ಮೌನದ ವರ್ಷಗಳನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೋ ಕಾಣೆ.

ದೊಡ್ಡವರ ಮಾತು ಬಿಡಿ. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ತಬಲಾ ನುಡಿಸುವವರಿದ್ದರು. ರಾತ್ರಿ ಪಾಳಿಯಲ್ಲಿ ಹತ್ತಿ ಗಿರಣಿಯ ಕೆಲಸ, ಗುರುವಾರ ಭಜನೆಗೆ ಠೇಕಾ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ. ಅವರ ಕೈಯಲ್ಲಿ ಲಯ ಕೂದಲೆಳೆಯಷ್ಟೂ ಜಾರುತ್ತಿರಲಿಲ್ಲ. ಗುಟ್ಟು ಕೇಳಿದರೆ, "ಎಂಟು ತಾಸು ಮಗ್ಗದ ಮುಂದೆ ನಿಂತು ನೋಡು, ತಾಳದ ಮೊದಲ ಪೆಟ್ಟು, ಆ ಸಮ್, ತಾನಾಗಿ ಬಂದು ಕಾಲಿಗೆ ಬೀಳುತ್ತದೆ" ಎನ್ನುತ್ತಿದ್ದರು. ಗಿರಣಿ ಬಾಗಿಲು ಹಾಕಿದ ಮೇಲೆ ದಿನವಿಡೀ ಬಿಡುವಿತ್ತು. ಸಾಧನೆಗೆ ಬೇಕಾದಷ್ಟು ಹೊತ್ತು. ಆದರೆ ಅವರ ತಬಲಾದಲ್ಲಿ ಮೊದಲಿನ ಜೀವ ಕೇಳಿಸಲಿಲ್ಲ.

ಈಗಿನ ಮಕ್ಕಳಿಗೆ ಕಾಲಿಗೆ ಬಂದು ಬೀಳುವುದು ಏನಿದೆ ಹೇಳಿ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದಲ್ಲಿ ಒಂದು ಸ್ಪರ್ಧೆಗೆ ತೀರ್ಪುಗಾರನಾಗಿ ಕುಳಿತಿದ್ದೆ. ಸಾಲಾಗಿ ಮಕ್ಕಳು ಬಂದು ಒಂದೇ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಒಂದೇ ಹಾಡು, ಹಾಡಿದರು. ಎಲ್ಲರೂ ಒಂದೇ ಮೊಬೈಲ್ ವಿಡಿಯೋದಿಂದ ಕಲಿತದ್ದು. ಮೂಲ ಗಾಯಕರು ತಡವರಿಸಿದ್ದ ಜಾಗದಲ್ಲಿ ಇವರೂ ಭಕ್ತಿಯಿಂದ ತಡವರಿಸಿದರು! ಒಬ್ಬಳು ಮಳೆಯ ರಾಗ ಮಲ್ಹಾರ ಹಾಡಿದಳು, ಸ್ವರ ಒಂದೂ ತಪ್ಪಲಿಲ್ಲ. ಹೊರಗೆ ಬಂದರೆ ಸಣ್ಣ ತುಂತುರು. ಅವಳ ತಾಯಿ ಓಡಿಬಂದು ಮಗಳ ಕುತ್ತಿಗೆಗೆ ಮಫ್ಲರ್ ಸುತ್ತಿ, ಕೊಡೆ ಹಿಡಿದು ಕಾರಿಗೆ ಹತ್ತಿಸಿದರು. ಊರ ಪಕ್ಕದ ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಇಳಿಯುವುದನ್ನು ನೋಡಿದ್ದೀಯಾ ಎಂದು ಕೇಳಿದೆ. ಪರೀಕ್ಷೆ ಇತ್ತು ಅಂಕಲ್, ಎಂದಳು. ದುರ್ಗದಲ್ಲೇ ಹುಟ್ಟಿದ ಮಗು.

ನಮ್ಮ ದಾವಣಗೆರೆಯೇನು ಕಡಿಮೆಯೇ? ವೈದ್ಯಕೀಯ ಕಾಲೇಜುಗಳ ಊರು, ಓಣಿಗೊಂದು ಕೋಚಿಂಗ್ ಫಲಕ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದರೆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಹತ್ತನೆಯ ತರಗತಿ ಬಂದಕೂಡಲೇ ತಂಬೂರಿಯನ್ನು ಅಟ್ಟಕ್ಕೇರಿಸುತ್ತೇವೆ. ಉಳಿದ ನಾಲ್ಕು ಮಕ್ಕಳು ಹಾಡಲು ಕುಳಿತರೆ ಸ್ವಾಗತ ಭಾಷಣ ಒಂದು ಗಂಟೆ, ಹಾರ ಶಾಲು ಅರ್ಧ ಗಂಟೆ, ನಿಧಾನಗತಿಯ ವಿಲಂಬಿತ್ ಹತ್ತು ನಿಮಿಷ. ಮೈಕಿನವರು ಮದುವೆ ಆರ್ಕೆಸ್ಟ್ರಾಕ್ಕೆ ಇಡುವಷ್ಟೇ ಎಕೋ ಇಟ್ಟಿರುತ್ತಾರೆ. ಒಂದು ಕಡೆ ಹಿಂದೂಸ್ತಾನಿಯ ಹುಬ್ಬಳ್ಳಿ, ಇನ್ನೊಂದು ಕಡೆ ಕರ್ನಾಟಕ ಸಂಗೀತದ ಮೈಸೂರು. ಎರಡೂ ಸಂಗೀತ ಬಂದು ಕೂಡಬೇಕಾದ ನಡುಮನೆಯಲ್ಲಿ ನಾವು ಎಕೋ ಕೇಳುತ್ತಾ ಕುಳಿತಿದ್ದೇವೆ. ಈ ಪತ್ರಿಕೆಯಲ್ಲೂ ಸಂಗೀತಕ್ಕೆ ತಿಂಗಳಿಗೆ ಒಂದೇ ಪುಟ. ಜಾಹೀರಾತು ಬಂದರೆ ಅದೂ ಅರ್ಧ. ಅದಕ್ಕೆ ಹೊಣೆ ನಾನೇ.

ಹೀಗಿರುವಾಗ, ಹದಿನೇಳರ ಒಬ್ಬ ಹುಡುಗ ಯಾರೂ ಎಬ್ಬಿಸದೆ ನಸುಕಿನಲ್ಲಿ ಎದ್ದು ಕೆಮ್ಮಣ್ಣಿಗೆ ಇಳಿಯುತ್ತಾನೆ, ಸಂಜೆ ತಂಬೂರಿ ಮೀಟುತ್ತಾನೆ. ನೀವು ನನ್ನಲ್ಲಿ ಸಲಹೆ ಕೇಳುತ್ತೀರಿ! ನಮ್ಮೂರ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಅವನು ಇಳಿದರೆ ನನಗೊಂದು ಮಾತು ತಿಳಿಸಿ, ಬರುತ್ತೇನೆ. ಮೊದಲು ಇವತ್ತು ರಾತ್ರಿ ಅವನ ಪಕ್ಕ ಕುಳಿತು ಊಟ ಮಾಡಿ, ನೀವು ನೋಡಿದ ಒಂದು ಕಂಪನಿ ನಾಟಕದ ಕಥೆ ಹೇಳಿ. ಮಾತು ಬಿಟ್ಟವನು ನಡುವೆ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾನೆ.

ಮತ್ತೊಂದು ವಿಷಯ. ನಿಮ್ಮ ಪತ್ರ ಒತ್ತಾದ ಅಕ್ಷರದಲ್ಲಿ ಎರಡು ಪುಟವಿತ್ತು. ಜಾಗವಿಲ್ಲದೆ ಮೇಲೆ ಕತ್ತರಿಸಿ ಹಾಕಿದ್ದೇನೆ. ಗರಡಿಗೆ ಎಷ್ಟು ಗಂಟೆಗೆ ಹೋಗುತ್ತಾನೆ, ಹಾಲಿಗೆ ಬಾದಾಮಿಗೆ ಎಷ್ಟು ಖರ್ಚು, ನೆರೆಯವರು ಏನೆಂದರು, ಎಲ್ಲವನ್ನೂ ಬರೆದಿದ್ದಿರಿ. ಈಗ ಅವನು ಯಾವ ರಾಗ ಕಲಿಯುತ್ತಿದ್ದಾನೆಂದು ಹುಡುಕಿದೆ, ಎಲ್ಲೂ ಸಿಗಲಿಲ್ಲ.