ಕೆಲಸದ ದಿನದ ಲೆಕ್ಕ: ಗಡುವು ತಪ್ಪುವುದು ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನ ಫಾರ್ಮ್‌ನಲ್ಲಿ ಗಡುವಿನ ದಿನ. ಓದಲು ಸುಲಭವಾಗಲೆಂದು ಫಂಕ್ಷನ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಅರ್ಜಿಗೆ 7 ಕೆಲಸದ ದಿನಗಳೊಳಗೆ ಉತ್ತರ ಕೊಡುವ ನಿಯಮವಿದೆ. ಅರ್ಜಿ ಬಂದ ದಿನ ತುಂಬಿದ ಕೂಡಲೇ ಗಡುವು ತಾನಾಗಿ ಬರಲೆಂದು, ದಿನಾಂಕಕ್ಕೆ ಅವಧಿ ಕೂಡಿಸುವ ಡೇಟ್‌ಆಡ್‌ಗೆ ‘ಡಬ್ಲ್ಯು’ ಕೊಟ್ಟಿದ್ದೇವೆ. ಆದರೂ ಭಾನುವಾರ ಎಣಿಕೆಗೆ ಸೇರುತ್ತಿದೆ. ಏಕೆ?
– ಓದುಗರು, ಗಂಗಾವತಿ

ಉತ್ತರ: ‘ಡಬ್ಲ್ಯು’ಗೆ ವೀಕ್‌ಡೇ ಎಂಬ ಹೆಸರಿರುವುದರಿಂದ ಇಲ್ಲಿ ಬಹಳ ಜನ ಎಡವುತ್ತಾರೆ. ಡೇಟ್‌ಆಡ್‌ನಲ್ಲಿ ‘ಡಿ’, ‘ವೈ’, ‘ಡಬ್ಲ್ಯು’ ಮೂರೂ ಮಾಡುವುದು ಒಂದೇ ಕೆಲಸ, ಬರೀ ದಿನ ಕೂಡಿಸುವುದು. ಎಕ್ಸೆಲ್‌ನಲ್ಲಿರುವ ವರ್ಕ್‌ಡೇ ಫಂಕ್ಷನ್ ಆಕ್ಸೆಸ್‌ನಲ್ಲಿಲ್ಲ. ಹಾಗಾಗಿ ನೀವೇ ಒಂದು ಬರೆದುಕೊಳ್ಳಬೇಕು.

ಬರೆಯುವ ಮೊದಲು ಒಂದು ತೀರ್ಮಾನ ಆಗಬೇಕು: ನಿಮ್ಮ ಸಂಘಕ್ಕೆ ಯಾವ ಶನಿವಾರ ರಜೆ? ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ರಾಜ್ಯ ಸರ್ಕಾರಿ ಕಚೇರಿಗಳಿಗೆ ನಾಲ್ಕನೇ ಶನಿವಾರದ ರಜೆ ಬಂದದ್ದು 2019ರಲ್ಲಿ. ಸಂಘದ ಆಡಳಿತ ಮಂಡಳಿ ಏನು ಠರಾವು ಮಾಡಿದೆ ನೋಡಿ, ಅದನ್ನೇ ಹಿಡಿಯಿರಿ. ಇದು ಚಿಕ್ಕ ವಿಷಯವಲ್ಲ. 2026ರ ಏಪ್ರಿಲ್ 27, ಸೋಮವಾರ ಬಂದ ಅರ್ಜಿಯನ್ನೇ ತೆಗೆದುಕೊಳ್ಳಿ. ನಿಮ್ಮ ಈಗಿನ ಸೂತ್ರ 7 ದಿನ ಕೂಡಿಸಿ ಮೇ 4 ಎನ್ನುತ್ತದೆ. ಭಾನುವಾರ ಮತ್ತು ಮೇ 1ರ ಕಾರ್ಮಿಕ ದಿನ ಬಿಟ್ಟು ಎಣಿಸಿದರೆ 28, 29, 30, ಮೇ 2, 4, 5, 6. ಅಂದರೆ ಗಡುವು ಮೇ 6. ಎಲ್ಲ ಶನಿವಾರಕ್ಕೂ ರಜೆ ಕೊಡುವ ಕಚೇರಿಯಲ್ಲಿ ಅದೇ ಅರ್ಜಿಗೆ ಗಡುವು ಮೇ 7.

ಈಗ ಫಂಕ್ಷನ್. ಆಕ್ಸೆಸ್‌ನಲ್ಲಿ ಕೋಡ್ ಬರೆಯುವ ವಿಬಿಎ ಎಡಿಟರ್‌ನಲ್ಲಿ ಇನ್ಸರ್ಟ್ ಮೆನುವಿನಿಂದ ಹೊಸ ಮಾಡ್ಯೂಲ್ ತೆರೆದು ಪಬ್ಲಿಕ್ ಫಂಕ್ಷನ್ ಬರೆಯಿರಿ. ಆರಂಭದ ದಿನ, ಎಷ್ಟು ದಿನ ಎಂಬ ಎರಡು ಮಾಹಿತಿ ಅದಕ್ಕೆ ಹೋಗಬೇಕು. ಒಳಗೆ ಒಂದು ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಹೆಜ್ಜೆಗಳು: ದಿನಾಂಕಕ್ಕೆ 1 ಕೂಡಿಸು, ಆ ದಿನ ಕೆಲಸದ ದಿನವಾಗಿದ್ದರೆ ಮಾತ್ರ ಎಣಿಕೆಗೆ 1 ಕೂಡಿಸು, ಎಣಿಕೆ 7 ಮುಟ್ಟಿದಾಗ ನಿಲ್ಲು. ಮೊದಲು ಕೂಡಿಸಿ ಆಮೇಲೆ ಪರೀಕ್ಷಿಸುವುದರಿಂದ ಅರ್ಜಿ ಬಂದ ದಿನ ತಾನಾಗಿ ಲೆಕ್ಕದಿಂದ ಹೊರಗುಳಿಯುತ್ತದೆ.

ಪರೀಕ್ಷೆಗಳು ಮೂರು. ವೀಕ್‌ಡೇ ಫಂಕ್ಷನ್‌ಗೆ ಬೇರೇನೂ ಹೇಳದಿದ್ದರೆ ಭಾನುವಾರಕ್ಕೆ 1, ಶನಿವಾರಕ್ಕೆ 7 ಕೊಡುತ್ತದೆ. 1 ಬಂದರೆ ಬಿಟ್ಟುಬಿಡಿ. 7 ಬಂದರೆ ತಾರೀಖಿನ ಅಂಕಿ ನೋಡಿ: 8ರಿಂದ 14ರೊಳಗಿದ್ದರೆ ಎರಡನೇ ಶನಿವಾರ, 22ರಿಂದ 28ರೊಳಗಿದ್ದರೆ ನಾಲ್ಕನೆಯದು. ಯಾವ ತಿಂಗಳಿಗೂ ಈ ಲೆಕ್ಕ ತಪ್ಪುವುದಿಲ್ಲ. ಮೂರನೆಯದು ರಜೆ ಟೇಬಲ್‌ನಲ್ಲಿ ಹುಡುಕುವುದು.

ಎರಡು ಕಡೆ ಎಚ್ಚರ ಬೇಕು. ಆರಂಭದ ದಿನವನ್ನು ‘ಡೇಟ್’ ಬಗೆಯೆಂದು ಘೋಷಿಸಿದರೆ, ಹೊಸ ಅರ್ಜಿಯ ಖಾಲಿ ಫಾರ್ಮ್‌ನಲ್ಲಿ ಗಡುವಿನ ಜಾಗದಲ್ಲಿ ದೋಷದ ಗುರುತು ಬರುತ್ತದೆ. ಆ ಬಗೆ ಖಾಲಿ ಮೌಲ್ಯವನ್ನು ಒಪ್ಪುವುದೇ ಇಲ್ಲ. ‘ವೇರಿಯಂಟ್’ ಎಂದು ಘೋಷಿಸಿ, ಖಾಲಿಯಿದ್ದರೆ ಖಾಲಿಯನ್ನೇ ಹಿಂತಿರುಗಿಸಿ. ಇನ್ನೊಂದು, ಅರ್ಜಿ ಬಂದ ದಿನಕ್ಕೆ ‘ನೌ’ ಬದಲು ‘ಡೇಟ್’ ಫಂಕ್ಷನ್ ಇಡಿ. ‘ನೌ’ ಗಂಟೆ ನಿಮಿಷವನ್ನೂ ತರುತ್ತದೆ. ಮಧ್ಯಾಹ್ನ 12 ಗಂಟೆ ಎಂದರೆ ಆಕ್ಸೆಸ್‌ಗೆ ಅರ್ಧ ದಿನ. ಮೇ 1ರ ಜೊತೆ ಅರ್ಧ ದಿನ ಅಂಟಿಕೊಂಡರೆ ರಜೆ ಟೇಬಲ್‌ನ ಮೇ 1ಕ್ಕೆ ಅದು ಹೊಂದುವುದಿಲ್ಲ, ರಜೆ ಕೈತಪ್ಪುತ್ತದೆ.

ಪ್ರಶ್ನೆ: ಸೂಟಿ ಪಟ್ಟಿಯ ಟೇಬಲ್ ಮಾಡಿ, ಷರತ್ತಿಗೆ ಹೊಂದುವ ಸಾಲುಗಳನ್ನು ಎಣಿಸುವ ಡಿಕೌಂಟ್‌ನಿಂದ ಹುಡುಕುತ್ತಿದ್ದೇವೆ. ಆಗಸ್ಟ್ 15, ಜನವರಿ 26 ಸರಿಯಾಗಿ ಸಿಗುತ್ತವೆ. ಮೇ 1, ಅಕ್ಟೋಬರ್ 2, ನವೆಂಬರ್ 1 ಮಾತ್ರ ಸಿಗುವುದಿಲ್ಲ. ಟೇಬಲ್‌ನಲ್ಲಿ ಐದೂ ಸರಿಯಾಗಿಯೇ ಇವೆ.
– ಓದುಗರು, ಸಿಂಧನೂರು

ಉತ್ತರ: ನೀವು ಬರೆದ ಪಟ್ಟಿಯಲ್ಲೇ ಉತ್ತರ ಇದೆ. ಸಿಗದ ಮೂರೂ ದಿನಗಳ ತಾರೀಖು 12ರೊಳಗಿನವು. ಸಿಗುವ ಎರಡೂ 12 ದಾಟಿದವು.

ಹುಡುಕುವ ಷರತ್ತಿನಲ್ಲಿ ದಿನಾಂಕವನ್ನು ಹ್ಯಾಶ್ (#) ಗುರುತುಗಳ ನಡುವೆ ನೇರವಾಗಿ ಜೋಡಿಸಿದ್ದೀರಿ. ಹಾಗೆ ಜೋಡಿಸುವಾಗ ಅದು ವಿಂಡೋಸ್‌ನಲ್ಲಿರುವ ನಮ್ಮ ಪದ್ಧತಿಯಂತೆ 01-05-2026 ಎಂಬ ಅಕ್ಷರಸಾಲು ಆಗುತ್ತದೆ. ಹ್ಯಾಶ್ ನಡುವಿನದನ್ನು ಆಕ್ಸೆಸ್ ಓದುವುದು ಅಮೆರಿಕದ ಪದ್ಧತಿಯಲ್ಲಿ, ತಿಂಗಳು ಮೊದಲು. ಅದರ ಕಣ್ಣಿಗೆ ಅದು ಜನವರಿ 5. 15-08 ಬಂದಾಗ ಹದಿನೈದನೇ ತಿಂಗಳು ಇಲ್ಲದ್ದರಿಂದ ತಾನೇ ತಿರುಗಿಸಿ ಸರಿಯಾಗಿ ಓದಿಕೊಳ್ಳುತ್ತದೆ, ದೋಷದ ಸಂದೇಶವನ್ನೂ ತೋರಿಸುವುದಿಲ್ಲ. ಹೀಗಾಗಿಯೇ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಇದರ ಇನ್ನೊಂದು ಮುಖ ನೀವು ಗಮನಿಸಿರಲಿಕ್ಕಿಲ್ಲ. 2026ರ ಫೆಬ್ರುವರಿ 10 ಮಂಗಳವಾರ, ಕೆಲಸದ ದಿನ. ನಿಮ್ಮ ಫಾರ್ಮ್ 10-02 ಎಂದು ಕೇಳುತ್ತದೆ, ಆಕ್ಸೆಸ್ ಅಕ್ಟೋಬರ್ 2 ಎಂದು ಓದಿ ‘ರಜೆ’ ಎನ್ನುತ್ತದೆ. ಒಂದು ಕಡೆ ರಜೆ ಕಳೆಯಿತು, ಇನ್ನೊಂದು ಕಡೆ ಇಲ್ಲದ ರಜೆ ಹುಟ್ಟಿತು.

ಮದ್ದು ಒಂದೇ ಸಾಲು. ಜೋಡಿಸುವ ಮೊದಲು ಫಾರ್ಮ್ಯಾಟ್ ಫಂಕ್ಷನ್‌ನಿಂದ ದಿನಾಂಕವನ್ನು 2026-05-01 ಎಂಬ ರೂಪಕ್ಕೆ ತನ್ನಿ: ನಾಲ್ಕು ಅಂಕಿಯ ವರ್ಷ, ಅಡ್ಡಗೆರೆ, ತಿಂಗಳು, ಅಡ್ಡಗೆರೆ, ದಿನ. ಈ ರೂಪಕ್ಕೆ ಎರಡು ಅರ್ಥ ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ವಿಂಡೋಸ್‌ನ ದಿನಾಂಕ ಪದ್ಧತಿಯನ್ನೇ ಬದಲಿಸುವ ದಾರಿ ಹಿಡಿಯಬೇಡಿ. ಆ ಯಂತ್ರದಲ್ಲಿ ಸರಿಹೋಗಿ ಪಕ್ಕದ ಮೇಜಿನದರಲ್ಲಿ ಮತ್ತೆ ಕೆಡುತ್ತದೆ.

ಪಟ್ಟಿಯ ಬಗ್ಗೆಯೂ ಒಂದು ಮಾತು. ಚಂದ್ರದರ್ಶನದ ಮೇಲೆ ರಂಜಾನ್, ಬಕ್ರೀದ್ ರಜೆ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ಆದೇಶ ಬಂದ ದಿನವೇ ಟೇಬಲ್ ತಿದ್ದಿ. ಜಿಲ್ಲಾಧಿಕಾರಿಗಳು ಜಾತ್ರೆಗೋ ಬೇರೆ ಕಾರಣಕ್ಕೋ ಸ್ಥಳೀಯ ರಜೆ ಕೊಟ್ಟರೆ ಅದು ಆ ಜಿಲ್ಲೆಗಷ್ಟೇ, ಕೆಲವೊಮ್ಮೆ ಒಂದು ತಾಲ್ಲೂಕಿಗಷ್ಟೇ. ರಾಯಚೂರಿನಲ್ಲೂ ಕೊಪ್ಪಳದಲ್ಲೂ ಶಾಖೆಯಿರುವವರು ರಜೆ ಟೇಬಲ್‌ಗೆ ‘ಶಾಖೆ’ ಎಂಬ ಇನ್ನೊಂದು ಫೀಲ್ಡ್ ಸೇರಿಸದೆ ಗತಿಯಿಲ್ಲ.

ಪ್ರಶ್ನೆ: ಇಂಥದ್ದೇ ಫಂಕ್ಷನ್ ಬರೆದಿದ್ದೇವೆ. ಫಾರ್ಮ್‌ನಲ್ಲಿ ಸರಿ ಇದೆ, ಆದರೆ ಆರು ಸಾವಿರ ದಾಖಲೆಗಳ ವರದಿ ತೆರೆದರೆ ಕಂಪ್ಯೂಟರ್ ನಿಂತೇಬಿಡುತ್ತದೆ. ಒಬ್ಬ ಸಿಬ್ಬಂದಿಯ ಯಂತ್ರದಲ್ಲಿ ‘ನೇಮ್’ ದೋಷ ಬರುತ್ತದೆ.
– ಓದುಗರು, ಬಳ್ಳಾರಿ

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಒಂದೇ ಯಂತ್ರದಲ್ಲಿ ಬರುತ್ತಿದೆ ಎಂದರೆ ಅಲ್ಲಿ ಫೈಲ್‌ನ ಕೋಡ್‌ಗೆ ಅನುಮತಿ ಸಿಕ್ಕಿಲ್ಲ. ಟ್ರಸ್ಟ್ ಸೆಂಟರ್‌ನ ಟ್ರಸ್ಟೆಡ್ ಲೊಕೇಶನ್ಸ್‌ಗೆ ಆ ಫೋಲ್ಡರ್ ಸೇರಿಸಿ. ಎಲ್ಲ ಯಂತ್ರಗಳಲ್ಲೂ ಬಂದಿದ್ದರೆ ಮಾಡ್ಯೂಲ್‌ಗೂ ಫಂಕ್ಷನ್‌ಗೂ ಒಂದೇ ಹೆಸರು ಇಟ್ಟಿದ್ದೀರಾ ಎಂದು ನೋಡಬೇಕಿತ್ತು.

ನಿಧಾನಕ್ಕೆ ಕಾರಣ ಎಣಿಕೆಯೇ. ಪ್ರತಿ ದಾಖಲೆಗೆ 7 ಕೆಲಸದ ದಿನ ಮುಟ್ಟಲು ಎಂಟೊಂಬತ್ತು ದಿನ ಹೆಜ್ಜೆ ಹಾಕಬೇಕು, ಹೆಜ್ಜೆಗೊಮ್ಮೆ ಡಿಕೌಂಟ್ ಟೇಬಲ್‌ಗೆ ಓಡುತ್ತದೆ. ಆರು ಸಾವಿರಕ್ಕೆ ಐವತ್ತು ಸಾವಿರದಷ್ಟು ಓಡಾಟ. ವರದಿಗೆ ಲೂಪ್ ಬಿಟ್ಟು ಕ್ಯಾಲೆಂಡರ್ ಟೇಬಲ್ ಮಾಡಿಕೊಳ್ಳಿ. ನಮ್ಮ ಮಟ್ಟಿಗೆ ಫಾರ್ಮ್‌ಗೂ ಇದೇ ಒಳ್ಳೆಯ ದಾರಿ.

ದಿನಕ್ಕೊಂದು ಸಾಲು. 2024ರ ಜನವರಿ 1ರಿಂದ 2030ರ ಡಿಸೆಂಬರ್ 31ರವರೆಗೆ 2557 ಸಾಲು, ಎಕ್ಸೆಲ್‌ನಲ್ಲಿ ಎಳೆದು ತುಂಬಿ ಆಕ್ಸೆಸ್‌ಗೆ ಇಂಪೋರ್ಟ್ ಮಾಡಬಹುದು. ಮೂರು ಫೀಲ್ಡ್ ಸಾಕು: ದಿನಾಂಕ, ಕೆಲಸದ ದಿನವಾದರೆ 1 ಇಲ್ಲದಿದ್ದರೆ 0, ಕ್ರಮಸಂಖ್ಯೆ. ಕ್ರಮಸಂಖ್ಯೆ ಎಂದರೆ ಮೇಲಿನ ಸಾಲಿನ ಕ್ರಮಸಂಖ್ಯೆಗೆ ಈ ಸಾಲಿನ 1 ಅಥವಾ 0 ಕೂಡಿಸಿದ್ದು. ಹಾಗಾಗಿ ರಜಾದಿನಕ್ಕೆ ಅದರ ಹಿಂದಿನ ಕೆಲಸದ ದಿನದ ಸಂಖ್ಯೆಯೇ ಉಳಿಯುತ್ತದೆ. ಅರ್ಜಿ ಬಂದ ದಿನದ ಸಂಖ್ಯೆಗೆ 7 ಕೂಡಿಸಿ, ಆ ಸಂಖ್ಯೆಯಿರುವ ಅತಿ ಹಿಂದಿನ ದಿನಾಂಕವನ್ನು ಡಿಮಿನ್‌ನಿಂದ ತೆಗೆದರೆ ಅದೇ ಗಡುವು. ಹೊಂದುವ ಯಾವುದಾದರೂ ಒಂದೇ ಸಾಲನ್ನು ತರುವ ಡಿಲುಕಪ್ ಬಳಸಬೇಡಿ: ಶುಕ್ರವಾರದ ಸಂಖ್ಯೆಯೇ ಎರಡನೇ ಶನಿವಾರಕ್ಕೂ ಭಾನುವಾರಕ್ಕೂ ಇರುತ್ತದೆ, ಅದು ಯಾವುದನ್ನು ತಂದುಕೊಡುತ್ತದೋ ಭರವಸೆಯಿಲ್ಲ. ಎರಡು ದಿನಾಂಕಗಳ ನಡುವೆ ಎಷ್ಟು ಕೆಲಸದ ದಿನ ಕಳೆದಿದೆ ಎಂದು ತಿಳಿಯಲು ಎರಡು ಕ್ರಮಸಂಖ್ಯೆಗಳನ್ನು ಕಳೆದರೆ ಮುಗಿಯಿತು. ದಿನಾಂಕಕ್ಕೂ ಕ್ರಮಸಂಖ್ಯೆಗೂ ಇಂಡೆಕ್ಸ್ ಹಾಕಿ.

ಒಟ್ಟು ದಿನಗಳಿಂದ ಭಾನುವಾರಗಳನ್ನೂ ರಜೆಗಳನ್ನೂ ಬೇರೆ ಬೇರೆಯಾಗಿ ಕಳೆಯುವವರಿಗೆ ಕಾದಿರುವ ತಪ್ಪೂ ಇಲ್ಲಿ ಆಗುವುದಿಲ್ಲ. 2026ರ ನವೆಂಬರ್ 1 ಭಾನುವಾರ. ಹಾಗೆ ಕಳೆದರೆ ರಾಜ್ಯೋತ್ಸವ ಎರಡು ಸಲ ಕಳೆದುಹೋಗುತ್ತದೆ. ಕ್ಯಾಲೆಂಡರ್‌ನಲ್ಲಿ ಆ ದಿನ ಒಂದೇ ಸಾಲು, ಒಂದೇ ಸೊನ್ನೆ. ರಜೆ ತಿದ್ದಿದಾಗ ಮಾತ್ರ ಅಲ್ಲಿಂದ ಕೆಳಗಿನ ಕ್ರಮಸಂಖ್ಯೆಗಳನ್ನೆಲ್ಲ ಮತ್ತೆ ತುಂಬಬೇಕು. ಅರ್ಜಿದಾರರಿಗೆ ಸ್ವೀಕೃತಿ ಚೀಟಿಯಲ್ಲಿ ಅಚ್ಚಾಗಿ ಹೋದ ಗಡುವು ಹೀಗೆ ಬದಲಾಗಬಾರದು. ಅದನ್ನು ಅರ್ಜಿಯ ಟೇಬಲ್‌ನಲ್ಲಿ ಉಳಿಸಿಡಿ.

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕ ನಮ್ಮದು, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆ. ಬಿಲ್ಲಿನ ಹಣ ಕೊಡಲು ಖರೀದಿದಾರರಿಗಿರುವ 45 ದಿನ ಎನ್ನುವುದನ್ನೂ ಕೆಲಸದ ದಿನವೆಂದೇ ಹಾಕಬೇಕೇ?
– ಓದುಗರು, ಬಳ್ಳಾರಿ

ಉತ್ತರ: ಬೇಡ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ 15ನೇ ಕಲಮು ಹೇಳುವುದು ಬರೀ ‘ದಿನ’. ಭಾನುವಾರ, ಹಬ್ಬ ಎಲ್ಲವೂ ಎಣಿಕೆಗೆ ಸೇರುತ್ತವೆ. ಮಾಲು ಒಪ್ಪಿಕೊಂಡ ದಿನಕ್ಕೆ 45 ಕೂಡಿಸಿ: ಏಪ್ರಿಲ್ 27ಕ್ಕೆ ಒಪ್ಪಿಕೊಂಡಿದ್ದರೆ ಜೂನ್ 11. ಆದರೆ 45 ಎನ್ನುವುದು ಬರವಣಿಗೆಯ ಒಪ್ಪಂದ ಇದ್ದಾಗಿನ ಗರಿಷ್ಠ ಮಿತಿ. ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ ಸಿಗುವುದು 15 ದಿನ ಮಾತ್ರ. ನಿಮ್ಮ ಫಾರ್ಮ್‌ನಲ್ಲಿ ‘ಒಪ್ಪಂದ ಇದೆಯೇ’ ಎಂಬ ಹೌದು-ಇಲ್ಲ ಫೀಲ್ಡ್ ಇಟ್ಟು, ಇಲ್ಲ ಎಂದಾಗ 15 ಕೂಡಿಸುವಂತೆ ಮಾಡಿ. ಬಿಲ್ಲಿನ ದಿನಾಂಕದಿಂದ ಎಣಿಸಬೇಡಿ, ಮಾಲು ಒಪ್ಪಿಕೊಂಡ ದಿನಕ್ಕೆ ಬೇರೆ ಫೀಲ್ಡ್ ಬೇಕು.