ಲಿಸ್ತೊ ಅನ್ನಬೇಕಾ, ಲಿಸ್ತಾ ಅನ್ನಬೇಕಾ?

ಸ್ಪೇನಿನ ವಲೆನ್ಸಿಯಾಕ್ಕೆ ಹೊಸದಾಗಿ ಬಂದಿದ್ದೀರಿ. 'ರೆಡಿ' ಅನ್ನೋದಕ್ಕಿರೋ ಸ್ಪ್ಯಾನಿಷ್ ಪದವನ್ನ ಆಫೀಸಿನ ಹೆಂಗಸೊಬ್ಬರು ಒಮ್ಮೆ 'ಲಿಸ್ತಾ' ಅಂತಾರೆ, ಇನ್ನೊಮ್ಮೆ 'ಲಿಸ್ತೊ' ಅಂತಾರೆ, ನಾನು ಯಾವುದು ಹೇಳಲಿ ಅಂತ ಕೇಳಿದ್ದೀರಿ. ಎರಡೂ ಸರಿ. 'ನಾನು ರೆಡಿ' ಅನ್ನುವಾಗ ಹೆಣ್ಣುಮಕ್ಕಳು 'ಎಸ್ತೊಯ್ ಲಿಸ್ತಾ' ಅನ್ನಬೇಕು, ಎದುರಿಗಿರೋದು ಗಂಡಸಾದರೂ ಅಷ್ಟೇ. ಕೆಲಸ ಮುಗಿಸಿ 'ಆಯ್ತು!' ಅನ್ನೋ ಅರ್ಥದಲ್ಲಿ ಬರೋ 'ಲಿಸ್ತೊ!' ಮಾತ್ರ ಯಾರು ಹೇಳಿದರೂ ಬದಲಾಗಲ್ಲ. ಅವರು ಹೇಳಿದ್ದು ಅದೇ ಇರಬೇಕು.

ನಮಗೆ ಇದು ತೊಡಕು ಅನ್ನಿಸೋದು ಸಹಜ. ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಮನೆ ಅಂತೀವಿ, 'ಒಳ್ಳೆ' ಅಲ್ಲಾಡೋದೇ ಇಲ್ಲ. ಬಂದ, ಬಂದಳು, ಬಂತು ಅಂತ ಬದಲಾಗೋದು ನಮ್ಮ ಕ್ರಿಯಾಪದ. ಸ್ಪ್ಯಾನಿಷಿನಲ್ಲಿ ಉಲ್ಟಾ: 'ಇದ್ದಾನೆ, ಇದ್ದಾಳೆ, ಇದೆ' ಅನ್ನೋ ಕ್ರಿಯಾಪದ 'ಎಸ್ತಾ' ಗಂಡಿಗೂ ಹೆಣ್ಣಿಗೂ ಒಂದೇ, ಲಿಸ್ತೊ-ಲಿಸ್ತಾ ಮಾತ್ರ ತಿರುಗುತ್ತೆ. ವಸ್ತುಗಳಿಗೂ ಲಿಂಗ ಇದೆಯಲ್ಲ, ಹಾಗಾಗಿ ಕಾಫಿ ರೆಡಿ ಅಂದರೆ 'ಎಲ್ ಕಾಫೆ ಎಸ್ತಾ ಲಿಸ್ತೊ', ಊಟ ರೆಡಿ ಅಂದರೆ 'ಲಾ ಕೊಮಿದಾ ಎಸ್ತಾ ಲಿಸ್ತಾ'. ಕನ್ನಡಕದ ಅಂಗಡಿಯಿಂದ ಫೋನ್ ಬಂದರೆ 'ಲಾಸ್ ಗಾಫಾಸ್ ಎಸ್ತಾನ್ ಲಿಸ್ತಾಸ್' ಅಂತಾರೆ. ಕನ್ನಡಕ ಒಂದೇ ಇದ್ದರೂ ಆ ಪದ ಬಹುವಚನ, ಸ್ತ್ರೀಲಿಂಗ ಬೇರೆ. ಹೆಂಗಸರೇ ಇರೋ ಗುಂಪಿಗೆ 'ಲಿಸ್ತಾಸ್'. ಅದರಲ್ಲಿ ಒಬ್ಬ ಗಂಡಸು ಸೇರಿದರೂ ವ್ಯಾಕರಣದ ಪ್ರಕಾರ 'ಲಿಸ್ತೋಸ್'. ನನಗೆ ಈ ನಿಯಮ ಇವತ್ತಿಗೂ ಇಷ್ಟವಿಲ್ಲ, ಆದರೆ ಪರೀಕ್ಷೆಯಲ್ಲಿ ಹಾಗೇ ಬರೀರಿ.

ಇದಕ್ಕಿಂತ ಜಾಸ್ತಿ ಗಮನ ಬೇಕಾಗಿರೋದು 'ಸೊಯ್'ಗೆ. 'ಎಸ್ತೊಯ್ ಲಿಸ್ತಾ' ಅಂದರೆ ನಾನು ರೆಡಿ. 'ಸೊಯ್ ಲಿಸ್ತಾ' ಅಂದರೆ ನಾನು ಜಾಣೆ! ಮೀಟಿಂಗ್ ಶುರುವಾಗೋ ಮುಂಚೆ ಎರಡನೆಯದು ಹೇಳಿದರೆ ಎಲ್ಲರೂ ಮುಖ ನೋಡ್ತಾರೆ. 'ಸೆ ಪಾಸಾ ದೆ ಲಿಸ್ತಾ' ಅಂತ ಯಾರಾದರೂ ಒಬ್ಬಳ ಬಗ್ಗೆ ಅಂದರೆ ಅದು ಹೊಗಳಿಕೆ ಅಲ್ಲ, ಅತಿಬುದ್ಧಿವಂತಿಕೆ ತೋರಿಸ್ತಾಳೆ ಅಂತ.

ಹೊಸಬರ ಪರಿಚಯ ಆದಾಗಲೂ ನೀವು 'ಎನ್ಕಾಂತಾದಾ' (ಪರಿಚಯ ಆಗಿ ಖುಷಿ ಆಯ್ತು) ಅನ್ನಿ. ಗಂಡಸಿನ ಕೈ ಕುಲುಕುತ್ತಾ 'ಎನ್ಕಾಂತಾದೊ' ಅನ್ನೋ ಹೆಣ್ಣುಮಕ್ಕಳನ್ನ ತುಂಬಾ ನೋಡಿದ್ದೀನಿ. ಖುಷಿ ಆಗಿರೋದು ನಿಮಗಲ್ವಾ, ಪದ ನಿಮ್ಮನ್ನೇ ಹಿಡೀಬೇಕು. 'ಗ್ರಾಂದೆ' (ದೊಡ್ಡ), 'ಫೆಲಿಸ್' (ಖುಷಿಯಾಗಿರೋ) ಥರದವು ಗಂಡು-ಹೆಣ್ಣಿಗೆ ಬದಲಾಗಲ್ಲ, ಅವುಗಳ ಚಿಂತೆ ಬಿಡಿ. ಇನ್ನೊಂದು, ನಾವು 'ಜನ ಬಂದರು' ಅಂತೀವಿ, ಇಲ್ಲಿ 'ಲಾ ಹೆಂತೆ' ಏಕವಚನ, ಸ್ತ್ರೀಲಿಂಗ. ಎದುರಿಗೆ ನೂರು ಗಂಡಸರೇ ನಿಂತಿದ್ದರೂ 'ಲಾ ಹೆಂತೆ ಎಸ್ತಾ ಲಿಸ್ತಾ'.