ನಗುವಿಗೆ ಮುನ್ನುಡಿ ಬೇಡ

ನಿಮ್ಮ ಲೇಖನ ಓದಿದೆ. ವಿಷಯ ಹೊಸದು, ಕಾಗುಣಿತ ಶುದ್ಧವಾಗಿದೆ, ಕಳಿಸಿದ್ದಕ್ಕೆ ಸಂತೋಷ. ಆದರೆ ಈಗಿರುವ ಹಾಗೆ ಹಾಕಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನೀವು ಬರೆದಿರುವುದು 2010ರಲ್ಲಿ ದಕ್ಷಿಣ ಕೊರಿಯಾದ ಟಿವಿಯಲ್ಲಿ ಬಂದ ಒಂದು ಸಾರ್ವಜನಿಕ ಹಿತದ ಜಾಹೀರಾತಿನ ಬಗ್ಗೆ, ಅದರಿಂದ ಹುಟ್ಟಿದ ಮೀಮ್ ಬಗ್ಗೆ. ಅಲ್ಲಿನ ಪ್ರಸಾರ ಜಾಹೀರಾತು ನಿಗಮವಾದ ಕೊಬಾಕೊ 1981ರಿಂದ ಇಂಥ ಜಾಹೀರಾತು ಮಾಡಿಸುತ್ತಾ ಬಂದಿದೆ. ಕೊರಿಯನ್ನಿನಲ್ಲಿ ‘ಬುಮೊ’ ಅಂದರೆ ಅಪ್ಪ ಅಮ್ಮ. ಆ ಪದದ ಮೊದಲಿಗೆ ಒಂದು ‘ಹಕ್’ ಸೇರಿಸಿ ‘ಹಕ್‌ಬುಮೊ’ ಅಂದರೆ ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮ, ನಮ್ಮ ಶಾಲೆಯವರು ‘ಪೋಷಕರ ಸಭೆ’ಗೆ ಕರೆಯುತ್ತಾರಲ್ಲ, ಆ ಪೋಷಕರು. ಜನ ಅವರೇ, ಬೇರೆ ಆಗುವುದು ಒಂದೇ ಅಕ್ಷರದಿಂದ. ಇಷ್ಟು ಗೊತ್ತಿದ್ದರೆ ಸಾಕಿತ್ತು. ನೀವು ಮೊದಲ ಒಂದೂವರೆ ಪುಟ ಹಾಸ್ಯ ಅಂದರೇನು, ಶ್ಲೇಷೆ ಅಂದರೇನು ಅಂತ ಪಾಠ ಮಾಡಿದ್ದೀರಿ. ಆಮೇಲೆ ‘ಓದುಗರು ಹೊಟ್ಟೆ ಹಿಡಿದು ನಗುವ ಪ್ರಸಂಗವೊಂದನ್ನು ಈಗ ಹೇಳುತ್ತೇನೆ’ ಅಂದಿದ್ದೀರಿ. ಹಾಗೆ ಹೇಳಿದ ಮೇಲೆ ಯಾರು ನಗುತ್ತಾರೆ? ಆ ಒಂದೂವರೆ ಪುಟ ಪೂರ್ತಿ ತೆಗೆಯಿರಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಮುಂದಿನ ಪ್ಯಾರಾದಲ್ಲಿ. ಮೂಲ ಜಾಹೀರಾತಿನ ಮಾತು ಸುಮಾರಾಗಿ ಹೀಗಿದೆ:

ಅಪ್ಪ ಅಮ್ಮ ದೂರ ನೋಡು ಅನ್ನುತ್ತಾರೆ, ಪೋಷಕರು ಮುಂದೆ ಮಾತ್ರ ನೋಡು ಅನ್ನುತ್ತಾರೆ.
ಅಪ್ಪ ಅಮ್ಮ ಜೊತೆಗೆ ಹೋಗು ಅನ್ನುತ್ತಾರೆ, ಪೋಷಕರು ಎಲ್ಲರಿಗಿಂತ ಮುಂದೆ ಹೋಗು ಅನ್ನುತ್ತಾರೆ.
ಅಪ್ಪ ಅಮ್ಮ ಕನಸು ಕಾಣು ಅನ್ನುತ್ತಾರೆ, ಪೋಷಕರು ಕನಸು ಕಾಣಲು ಸಮಯವನ್ನೇ ಕೊಡುವುದಿಲ್ಲ.

ಕೊನೆಗೆ, ನೀವು ಬುಮೊನೋ, ಹಕ್‌ಬುಮೊನೋ ಅಂತ ನೇರವಾಗಿ ಕೇಳುತ್ತದೆ.

ಈಗ ನಿಮ್ಮ ಸಾಲು ನೋಡಿ. ‘ಜನಕ-ಜನನಿಯರು ದೂರದೃಷ್ಟಿಯನ್ನು ಬೋಧಿಸಿದರೆ, ವಿದ್ಯಾರ್ಥಿಪಾಲಕರು ಸಂಕುಚಿತ ದೃಷ್ಟಿಗೆ ಪ್ರೇರೇಪಿಸುತ್ತಾರೆ.’ ಎರಡನೆಯದರಲ್ಲಿ ‘ಸೂಚಿಸುತ್ತಾರೆ’, ‘ಒತ್ತಾಯಿಸುತ್ತಾರೆ’. ಮೂರನೆಯದರಲ್ಲಿ ‘ಹುರಿದುಂಬಿಸುತ್ತಾರೆ’, ‘ನಿರಾಕರಿಸುತ್ತಾರೆ’. ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಯಾರೋ ನಿಮಗೆ ಹೇಳಿಕೊಟ್ಟಿರಬೇಕು. ಇಲ್ಲಿ ಅದು ಬರಲೇಬೇಕು! ‘ಅನ್ನುತ್ತಾರೆ, ಅನ್ನುತ್ತಾರೆ’ ಅಂತ ಕಿವಿಗೆ ರೂಢಿಯಾಗಿ, ಮೂರನೇ ಸಾಲಿನ ಕೊನೆಗೂ ಅದನ್ನೇ ಕಾಯುತ್ತಿರುವಾಗ ಅದು ಬರದೆ ‘ಕೊಡುವುದಿಲ್ಲ’ ಬರುತ್ತದೆ. ಪೆಟ್ಟು ಬೀಳುವುದು ಅಲ್ಲಿ. ನೀವು ಆರು ಕಡೆ ಆರು ಕ್ರಿಯಾಪದ ಹಾಕಿ ಆ ಪೆಟ್ಟನ್ನೇ ಇಲ್ಲ ಮಾಡಿದ್ದೀರಿ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಕರಡು ತಿದ್ದುವ ಮೇಜಿನಲ್ಲಿ. ಅಲ್ಲಿದ್ದ ಹಿರಿಯರೊಬ್ಬರು ಅಚ್ಚಿಗೆ ಹೋಗುವ ಪ್ರತಿಯೊಂದು ಬರಹವನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು, ಊಟದ ಹೊತ್ತು ಮೀರಿದರೂ ಬಿಡುತ್ತಿರಲಿಲ್ಲ. ನಾಲಿಗೆ ತಡವರಿಸಿದ ಕಡೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಯಾಕೆ ಅಂತ ಹೇಳುತ್ತಿರಲಿಲ್ಲ. ಚುಕ್ಕೆ ಇದ್ದ ಸಾಲನ್ನು ನಾವೇ ಮತ್ತೆ ಓದಿ, ಎಲ್ಲಿ ಎಡವಿದ್ದೇವೆ ಅಂತ ನಾವೇ ಹುಡುಕಬೇಕಿತ್ತು. ಇವತ್ತಿಗೂ ನಾನು ಹಾಗೇ ಓದುತ್ತೇನೆ. ನಿಮ್ಮ ಈ ಪ್ಯಾರಾದ ಮೇಲೆ ಚುಕ್ಕೆಗಳಿಗೆ ಜಾಗ ಸಾಲಲಿಲ್ಲ.

ಇನ್ನೊಂದು ಮಾತು. ‘ಇಂಥ ಅಸಂಖ್ಯ ಅಣಕಗಳು ಹರಿದಾಡಿದವು’ ಅಂತ ಬರೆದು ಒಂದನ್ನೂ ಕೊಟ್ಟಿಲ್ಲ. ಮೀಮ್ ಬಗ್ಗೆ ಬರೆದು ಮೀಮನ್ನೇ ತೋರಿಸದಿದ್ದರೆ ಹೇಗೆ? ಸಾಲಿನ ಅಚ್ಚು ಗಟ್ಟಿಯಾಗಿರುವುದಕ್ಕೇ ಜನ ಅದರಲ್ಲಿ ಬೇರೆ ಪದ ಸುರಿದದ್ದು. ಕನ್ನಡದಲ್ಲೂ ಮಾಡಿ ನೋಡಿ: ಮನೆ ಬೇಗ ಬಾ ಅನ್ನುತ್ತದೆ, ಅರಮನೆ ಹೊರಗೆ ಕಾಯಿ ಅನ್ನುತ್ತದೆ. ಬಂತು ಅಲ್ವಾ? ವಿವರಣೆ ಬೇಕಾಯಿತಾ?

ಆ ಜಾಹೀರಾತಿನ ಮೂರನೇ ಸಾಲು ಅಲ್ಲಿನವರಿಗೆ ಯಾಕೆ ಅಷ್ಟು ನಾಟಿತು ಅನ್ನುವುದನ್ನು ನೀವು ಕೊನೆಯಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅದು ಬೆಳೆಯಬೇಕು. ಕಾಲೇಜು ಸೇರಲು ಅಲ್ಲಿನ ಮಕ್ಕಳು ನವೆಂಬರಿನಲ್ಲಿ ಬರೆಯುವ ಸುನುಂಗ್ ಪರೀಕ್ಷೆಯ ದಿನ ಇಂಗ್ಲಿಷ್ ಕೇಳಿ ಬರೆಯುವ ಹೊತ್ತಿಗೆ ದೇಶದಲ್ಲಿ ವಿಮಾನ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಟ್ಯೂಷನ್ ಕೇಂದ್ರಗಳನ್ನು ರಾತ್ರಿ 10ಕ್ಕೆ ಮುಚ್ಚಬೇಕು ಅಂತ ಸಿಯೋಲ್‌ನಲ್ಲಿ ನಿಯಮವನ್ನೇ ಮಾಡಬೇಕಾಯಿತು. ಅಂಥ ಊರಿನ ಮಗುವಿಗೆ ‘ಸಮಯವನ್ನೇ ಕೊಡುವುದಿಲ್ಲ’ ಅನ್ನುವುದು ಬರೀ ಚಮತ್ಕಾರದ ಮಾತಲ್ಲ.

ಕೊನೆಯ ಪ್ಯಾರಾದಲ್ಲಿ ನಮ್ಮ ಪೋಷಕರಿಗೆ ಕೊಟ್ಟ ಬುದ್ಧಿವಾದ ತೆಗೆಯಿರಿ. ಆ ಜಾಗಕ್ಕೆ ಕೊರಿಯಾದ ಎರಡು ಅಣಕ ಹುಡುಕಿ ಹಾಕಿ, ಮೂಲದ ಮಾತನ್ನೂ ಕನ್ನಡ ಲಿಪಿಯಲ್ಲಿ ಬರೆಯಿರಿ. ಗಟ್ಟಿಯಾಗಿ ಒಮ್ಮೆ ಓದಿಕೊಂಡು ಕಳಿಸಿ, ನಾನೇ ಓದುತ್ತೇನೆ.